ಎಂಜಿನ್ನಿಗೂ ಒಂದು ಜಾತಕ ಬೇಡವೇ?

ಹಳೆಯ ಪಿಕಪ್ ಗಾಡಿಯೊಂದನ್ನು ಕೊಳ್ಳಲು ಹೊರಟವನಿಗೆ ಇಂದು ಸಿಗುವ ಮಾಹಿತಿ ಕಡಿಮೆಯೇನಲ್ಲ. ನೋಂದಣಿ ಸಂಖ್ಯೆಯನ್ನು ಕೇಂದ್ರ ಸಾರಿಗೆ ಸಚಿವಾಲಯದ ‘ವಾಹನ್’ ಜಾಲತಾಣಕ್ಕೋ ‘ಎಂ-ಪರಿವಾಹನ್’ ಆ್ಯಪ್‌ಗೋ ಕೊಟ್ಟರೆ ಸಾಕು; ಗಾಡಿ ಯಾವ ದಿನ ನೋಂದಣಿಯಾಯಿತು, ಎಫ್‌ಸಿ ಎಂದಿನವರೆಗೆ ಊರ್ಜಿತ, ವಿಮೆ ಇದೆಯೇ, ಎಮಿಷನ್ ಟೆಸ್ಟ್ ಆಗಿದೆಯೇ, ಮೇಲೆ ಸಾಲವಿದೆಯೇ ಎಂಬುದೆಲ್ಲ ಕ್ಷಣಾರ್ಧದಲ್ಲಿ ತೆರೆದುಕೊಳ್ಳುತ್ತದೆ. ತೆರೆದುಕೊಳ್ಳದೇ ಉಳಿಯುವುದು ಆತ ಹಣ ಕೊಟ್ಟು ಕೊಳ್ಳುತ್ತಿರುವ ಮುಖ್ಯ ವಸ್ತುವಾದ ಎಂಜಿನ್ನಿನ ಪೂರ್ವೋತ್ತರ. ಅದು ಎಷ್ಟು ಕಿಲೋಮೀಟರ್ ಓಡಿದೆ, ಎಂದಾದರೂ ಬಿಚ್ಚಿ ಜೋಡಿಸಲಾಗಿದೆಯೇ, ಆಯಿಲ್ ಹೊತ್ತುಹೊತ್ತಿಗೆ ಬದಲಾಗಿದೆಯೇ, ಅದರೊಳಗಿನ ಕಂಪ್ಯೂಟರ್ ಯಾವ ದೋಷವನ್ನು ಎಷ್ಟು ಸಲ ಬರೆದುಕೊಂಡಿದೆ ಎಂಬ ಪ್ರಶ್ನೆಗಳಿಗೆ ಆ ಪುಟದಲ್ಲಿ ಉತ್ತರವಿಲ್ಲ. ಮದುವೆಗೆ ಮುನ್ನ ಎರಡು ಮೂರು ಕಡೆ ಜಾತಕ ತೋರಿಸುವ ನಾವು, ವರ್ಷಗಟ್ಟಲೆ ಕಂತು ಕಟ್ಟಬೇಕಾದ ಯಂತ್ರದ ವಿಷಯದಲ್ಲಿ ಮಾತ್ರ ದಲ್ಲಾಳಿಯ ಬಾಯಿಮಾತನ್ನು ನಂಬುತ್ತೇವೆ.

ಈ ಪುಟದ ಓದುಗರಲ್ಲಿ ಹೆಚ್ಚಿನವರು ಪಿಕಪ್ ಕೊಳ್ಳುವವರಲ್ಲ. ಆದರೆ ಅವರ ಅಡುಗೆಮನೆಗೆ ಬರುವ ಟೊಮೆಟೊ, ಕಚೇರಿಗೆ ಬರುವ ನೀರಿನ ಕ್ಯಾನು, ಮನೆ ಬದಲಿಸುವಾಗ ಸಾಗುವ ಮಂಚ ಬೀರು ಎಲ್ಲವೂ ಇಂಥ ಗಾಡಿಗಳ ಬೆನ್ನ ಮೇಲೇ ಬರುತ್ತವೆ. ಕೋಲಾರದ ಎಪಿಎಂಸಿಯಲ್ಲೋ ಯಶವಂತಪುರದಲ್ಲೋ ಬೆಳಗಿನ ಜಾವ ನಿಂತು ನೋಡಿದರೆ ಸಾಕು, ಈ ನಾಡಿನ ಅನ್ನ ಎಷ್ಟು ಚಿಕ್ಕ ಚಕ್ರಗಳ ಮೇಲೆ ನಿಂತಿದೆ ಎಂಬುದು ತಿಳಿಯುತ್ತದೆ. ಅವುಗಳಲ್ಲಿ ಅನೇಕವನ್ನು ಓಡಿಸುವವನು ಮಾಲೀಕನೂ ಹೌದು. ಹತ್ತಾರು ವರ್ಷ ಮತ್ತೊಬ್ಬರ ಗಾಡಿಗೆ ಚಾಲಕನಾಗಿ ದುಡಿದು, ಒಡವೆ ಅಡವಿಟ್ಟು, ಭಾವಮೈದನಿಂದ ಕೈಸಾಲ ಪಡೆದು, ಉಳಿದುದಕ್ಕೆ ಫೈನಾನ್ಸ್ ಮಾಡಿಸಿ ಕೊಂಡ ಅವನ ಮೊದಲ ಗಾಡಿ ಸಾಮಾನ್ಯವಾಗಿ ಇನ್ನೊಬ್ಬರು ಬಳಸಿದ್ದೇ. ಜೀವಮಾನದ ಅತಿ ದೊಡ್ಡ ಖರೀದಿಯನ್ನು ಅತಿ ಕಡಿಮೆ ಮಾಹಿತಿಯಿಟ್ಟುಕೊಂಡು ಮಾಡಬೇಕಾದವನು ಅವನು.

ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರಲ್ಲಿ ಪ್ರಕಟಿಸಿದ ಪ್ರಸಿದ್ಧ ಪ್ರಬಂಧವೊಂದು ಹಳೆ ಕಾರುಗಳ ಮಾರುಕಟ್ಟೆಯನ್ನೇ ಉದಾಹರಣೆಯಾಗಿ ಎತ್ತಿಕೊಂಡಿತ್ತು. ಮಾರುವವನಿಗೆ ತಿಳಿದಿರುವ ದೋಷ ಕೊಳ್ಳುವವನಿಗೆ ತಿಳಿಯದಿದ್ದರೆ, ಕೊಳ್ಳುವವನು ಎಲ್ಲ ಗಾಡಿಗಳನ್ನೂ ಅನುಮಾನದಿಂದ ನೋಡಿ ಕಡಿಮೆ ಬೆಲೆಗೇ ಕೇಳುತ್ತಾನೆ. ಆ ಬೆಲೆಗೆ ಒಳ್ಳೆಯ ಗಾಡಿಯ ಮಾಲೀಕ ಮಾರಲು ಒಪ್ಪುವುದಿಲ್ಲ. ಕೊನೆಗೆ ಮಾರುಕಟ್ಟೆಯಲ್ಲಿ ಉಳಿಯುವುದು ಕೆಟ್ಟವೇ. ಅಕರ್ಲಾಫ್‌ಗೆ 2001ರಲ್ಲಿ ನೊಬೆಲ್ ಪುರಸ್ಕಾರ ಬಂತು. ನಮ್ಮ ಹಳೆ ಪಿಕಪ್ ಮಾರುಕಟ್ಟೆ ಮಾತ್ರ ಆ ಪ್ರಬಂಧದ ಜೀವಂತ ಪ್ರದರ್ಶನವಾಗಿ ಇಂದಿಗೂ ಉಳಿದಿದೆ.

ಎಂಜಿನಿಯರಿಂಗ್ ಓದಿದವನೆಂಬ ಕಾರಣಕ್ಕೆ ಪರಿಚಿತ ಚಾಲಕರು ಗಾಡಿ ನೋಡಲು ಹೋಗುವಾಗ ನನ್ನನ್ನೂ ಕರೆದೊಯ್ಯುವುದುಂಟು. ನನ್ನ ಪದವಿಗಿಂತ ಜೊತೆಗೆ ಬರುವ ಮೇಸ್ತ್ರಿಯ ಕಿವಿಯೇ ಅಲ್ಲಿ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಎಂಜಿನ್ ತಣ್ಣಗಿರುವಾಗ ಸ್ಟಾರ್ಟ್ ಮಾಡಿ ನೋಡಬೇಕೆಂಬುದು ಮೊದಲ ಪಾಠ. ಮಾರುವವರಿಗೂ ಅದು ಗೊತ್ತಿರುವುದರಿಂದ ನಾವು ತಲುಪುವಷ್ಟರಲ್ಲಿ ಅನೇಕ ಗಾಡಿಗಳು ಬೆಚ್ಚಗಾಗಿರುತ್ತವೆ. ಆಯಿಲ್ ಹಾಕುವ ಮುಚ್ಚಳ ತೆಗೆದು ಎಂಜಿನ್ ಓಡಿಸಿದಾಗ ಅಲ್ಲಿಂದ ಹೊಗೆ ಬುಸುಗುಟ್ಟಿದರೆ ರಿಂಗು ಸವೆದಿದೆ ಎಂದು ಲೆಕ್ಕ. ಸೈಲೆನ್ಸರ್ ಹೊಗೆ ನೀಲಿಯಾಗಿದ್ದರೆ ಆಯಿಲ್ ಉರಿಯುತ್ತಿದೆ. ಬಿಸಿಯಾದ ಮೇಲೂ ಬಿಳಿಯಾಗಿದ್ದರೆ ನೀರು ಒಳಸೇರುತ್ತಿದೆ ಇಲ್ಲವೇ ಡೀಸೆಲ್ ಸರಿಯಾಗಿ ಉರಿಯುತ್ತಿಲ್ಲ. ದಟ್ಟ ಕಪ್ಪಾಗಿದ್ದರೆ ಗಾಳಿ ಸಾಲದು ಅಥವಾ ಡೀಸೆಲ್ ಹೆಚ್ಚು. ಆಯಿಲಿಗೆ ಹಾಲಿನಂಥ ಬಣ್ಣ ಬಂದಿದ್ದರೆ ಹೆಡ್ ಗ್ಯಾಸ್ಕೆಟ್ಟಿನ ಕಡೆ ನೋಡಬೇಕು. ಇದು ದಶಕಗಳಿಂದ ಗ್ಯಾರೇಜುಗಳಲ್ಲಿ ಬಾಯಿಂದ ಬಾಯಿಗೆ ಹರಿದುಬಂದ ಅಪ್ಪಟ ವಿಜ್ಞಾನ. ಇದಕ್ಕೂ ಪ್ರತಿವಿದ್ಯೆಯಿದೆ. ಗಟ್ಟಿ ಆಯಿಲ್ ತುಂಬಿದರೆ ಸವೆದ ಎಂಜಿನ್ ಕೆಲವು ದಿನ ಸದ್ದು ಅಡಗಿಸಿಕೊಂಡು, ಹೊಗೆ ನುಂಗಿಕೊಂಡು, ಸಭ್ಯ ಗೃಹಸ್ಥನಂತೆ ವರ್ತಿಸುತ್ತದೆ.

ಯಾವ ಎಂಜಿನ್ ಒಳ್ಳೆಯದು ಎಂಬ ಪ್ರಶ್ನೆಗೆ ಬರೋಣ. ಟಾಟಾ ಏಸ್ 2005ರಲ್ಲಿ ಮಾರುಕಟ್ಟೆಗೆ ಬಂದಾಗ ಅದರಲ್ಲಿದ್ದುದು 702 ಸಿಸಿಯ ಎರಡು ಸಿಲಿಂಡರಿನ ಡೀಸೆಲ್ ಎಂಜಿನ್. ಶಕ್ತಿ ಸುಮಾರು 16 ಅಶ್ವಶಕ್ತಿ, ಹೊರಬೇಕಾದ ಭಾರ ಮುಕ್ಕಾಲು ಟನ್ನು. ಟರ್ಬೊ ಇಲ್ಲ, ಕಂಪ್ಯೂಟರಿನ ಗೋಜಿಲ್ಲ. ಪಿಸ್ಟನ್ ಎರಡೇ ಆದ್ದರಿಂದ ಬಿಚ್ಚಿದರೂ ಖರ್ಚು ಮಿತ. ಮಹೀಂದ್ರದ ಬೊಲೆರೊ ಪಿಕಪ್ ಬೇರೆಯೇ ಜಾತಿ: 2,523 ಸಿಸಿ, ನಾಲ್ಕು ಸಿಲಿಂಡರು, ಟನ್ನಿಗೂ ಮೀರಿದ ಭಾರ ಹೊರಲು ಮಾಡಿದ್ದು. ನಾಲ್ಕು ಪಿಸ್ಟನ್, ನಾಲ್ಕು ಇಂಜೆಕ್ಟರ್ ಎಂದರೆ ಬಿಚ್ಚಿದಾಗ ಬಿಲ್ ಬೆಳೆಯುತ್ತದೆ. ಆದರೆ ಅದೇ ಹೊರೆಯನ್ನು ಅದು ಕಡಿಮೆ ಏದುಸಿರಿನಲ್ಲಿ ಎಳೆಯುವುದರಿಂದ ಬಿಚ್ಚುವ ದಿನ ದೂರ ಹೋಗುತ್ತದೆ. ಇವೆರಡರ ನಡುವೆ ಅಶೋಕ್ ಲೇಲ್ಯಾಂಡ್ 2011ರಲ್ಲಿ ನಿಸಾನ್ ಸಹಭಾಗಿತ್ವದಲ್ಲಿ ತಂದ ದೋಸ್ತ್ ಇದೆ. ಸುಮಾರು ಒಂದೂವರೆ ಲೀಟರಿನ ಮೂರು ಸಿಲಿಂಡರು, ಟರ್ಬೊ, ಕಾಮನ್ ರೈಲ್ ಇಂಧನ ವ್ಯವಸ್ಥೆ.

ಇವುಗಳಲ್ಲಿ ಯಾವುದು ಗಟ್ಟಿ ಎಂದು ಕೇಳಿದರೆ ನಾನು ಕೇಳುವ ಮರುಪ್ರಶ್ನೆ ಒಂದೇ: ಏನನ್ನು ಹೊರಲು? ಮುಕ್ಕಾಲು ಟನ್ನಿಗೆಂದು ಮಾಡಿದ ಎಂಜಿನ್ನಿಗೆ ಒಂದೂವರೆ ಟನ್ ಇಟ್ಟಿಗೆ ಹೇರಿ ಬೇಸಗೆಯಲ್ಲಿ ಶಿರಾಡಿ ಘಾಟಿ ಹತ್ತಿಸಿದರೆ, ಅದು ಕಾದು ಹೆಡ್ ಸೊಟ್ಟಗಾಗುವುದಕ್ಕೆ ತಯಾರಕನನ್ನು ದೂರಲಾಗದು. ಊರೊಳಗೆ ಹಗುರ ಸಾಮಾನು ಸಾಗಿಸಿದ ಸಣ್ಣ ಎಂಜಿನ್, ಹೆದ್ದಾರಿಯಲ್ಲಿ ಮಿತಿಮೀರಿ ಹೊತ್ತ ದೊಡ್ಡ ಎಂಜಿನ್ನಿಗಿಂತ ಎಷ್ಟೋ ಪಾಲು ಮೇಲು. ಹೀಗಾಗಿ ಮಾದರಿ ಮಾದರಿಗಳನ್ನು ತೂಗುವುದಕ್ಕಿಂತ ಈ ನಿರ್ದಿಷ್ಟ ಗಾಡಿ ಹೇಗೆ ಬಾಳಿತು ಎಂಬುದು ಮುಖ್ಯ. ಬಾಳಿದ ಬಗೆಯ ದಾಖಲೆಯೇ ನಮ್ಮಲ್ಲಿ ಇಲ್ಲದ್ದು.

ರಿಪೇರಿ ಖರ್ಚಿಗೂ ಎಂಜಿನ್ನಿನ ಬಾಳಿಕೆಗೂ ನೇರ ಸಂಬಂಧವಿಲ್ಲದ ಸಂದರ್ಭಗಳೂ ಇವೆ. ಮಾರುತಿ ಸುಜುಕಿ 2016ರಲ್ಲಿ ಸೂಪರ್ ಕ್ಯಾರಿ ಎಂಬ ಪುಟ್ಟ ಸರಕು ಗಾಡಿಯನ್ನು 793 ಸಿಸಿಯ ಎರಡು ಸಿಲಿಂಡರ್ ಡೀಸೆಲ್ ಎಂಜಿನ್ನಿನೊಂದಿಗೆ ತಂದಿತು. ಅದೇ ಎಂಜಿನ್ ಸೆಲೆರಿಯೊ ಕಾರಿನಲ್ಲೂ ಸ್ವಲ್ಪ ಕಾಲ ಇತ್ತು. 2020ರ ಏಪ್ರಿಲ್‌ನಿಂದ ಕಂಪನಿ ಡೀಸೆಲನ್ನೇ ಕೈಬಿಟ್ಟಿತು. ಎಂಜಿನ್ ಒಳ್ಳೆಯದೋ ಕೆಟ್ಟದ್ದೋ, ಅದು ಕೂತಿರುವ ಗಾಡಿಗಳ ಸಂಖ್ಯೆಯೇ ಸೀಮಿತವಾದಾಗ ಬಿಡಿಭಾಗ ತಯಾರಿಸುವ ಸಣ್ಣ ಉದ್ಯಮಿಗೆ ಅದರಲ್ಲಿ ಆಸಕ್ತಿ ಕಡಿಮೆ, ಗುಜರಿಯಲ್ಲಿ ಸಿಗುವ ಸಾಧ್ಯತೆಯೂ ಕಡಿಮೆ. ಅದೇ ಸೂಪರ್ ಕ್ಯಾರಿಯ 1.2 ಲೀಟರ್ ಪೆಟ್ರೋಲ್-ಸಿಎನ್‌ಜಿ ಎಂಜಿನ್ ಈಕೊ ವ್ಯಾನಿನಲ್ಲೂ ಇದ್ದುದರಿಂದ ಅದಕ್ಕೆ ಬಂಧುಬಳಗ ದೊಡ್ಡದು. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಅಂಗಡಿಯಿಂದ ಅಂಗಡಿಗೆ ಹೋಗಿ ಒಂದೇ ಬಿಡಿಭಾಗದ ಹೆಸರು ಹೇಳಿ ನೋಡಿ. ಎಷ್ಟು ಅಂಗಡಿಯವರು ‘ಇದೆ’ ಎನ್ನುತ್ತಾರೆಂಬುದೇ ಆ ಗಾಡಿಯ ಮುಂದಿನ ಖರ್ಚಿನ ಸರಿಯಾದ ಅಂದಾಜು. ಕೊಳ್ಳುವ ಮುನ್ನ ಈ ಅರ್ಧ ದಿನದ ಅಲೆದಾಟವನ್ನು ನಾನು ಎಲ್ಲರಿಗೂ ಸೂಚಿಸುತ್ತೇನೆ. ಬಹುಪಾಲು ಜನ ನಕ್ಕು ‘ಮೈಲೇಜ್ ಎಷ್ಟು ಬರುತ್ತೆ ಸಾರ್’ ಎಂದೇ ಕೇಳುತ್ತಾರೆ.

ಮೈಲೇಜ್ ಕೇಳುವುದರಲ್ಲಿ ತಪ್ಪಿಲ್ಲ. ಲೀಟರಿಗೆ 14 ಕಿ.ಮೀ. ಕೊಡುವ ಗಾಡಿ ಮತ್ತು 18 ಕಿ.ಮೀ. ಕೊಡುವ ಗಾಡಿಗಳನ್ನು ವರ್ಷಕ್ಕೆ 30 ಸಾವಿರ ಕಿ.ಮೀ. ಓಡಿಸುವುದಾದರೆ, ಡೀಸೆಲ್ ಲೀಟರಿಗೆ 90 ರೂಪಾಯಿಯೆಂದಿಟ್ಟುಕೊಂಡರೆ, ವ್ಯತ್ಯಾಸ ಸುಮಾರು 43 ಸಾವಿರ ರೂಪಾಯಿ. ದೊಡ್ಡ ಮೊತ್ತವೇ. ಆದರೆ ಇನ್ನೊಂದು ಲೆಕ್ಕವನ್ನೂ ಹಾಕಬೇಕು. ಒಬ್ಬ ಚಾಲಕ ನಾಲ್ಕು ಲಕ್ಷದ ಗಾಡಿಗೆ ಒಂದು ಲಕ್ಷ ಕೈಯಿಂದ ಹಾಕಿ, ಮೂರು ಲಕ್ಷವನ್ನು ಶೇ 16ರ ಬಡ್ಡಿಗೆ ಮೂರು ವರ್ಷದ ಸಾಲ ಮಾಡಿದನೆನ್ನಿ. ತಿಂಗಳ ಕಂತು ಸುಮಾರು 10,550 ರೂಪಾಯಿ. ಎಂಟನೆಯ ತಿಂಗಳಲ್ಲಿ ಎಂಜಿನ್ ಕೆಲಸಕ್ಕೆ 75 ಸಾವಿರ ಬಂತೆಂದರೆ ಅದು ಏಳು ಕಂತುಗಳಿಗೆ ಸಮ. ಮೇಲೆ ಗಾಡಿ ಲೇತಿಗೆ ಹೋಗಿ ಬರುವ ಹದಿನೈದು ಇಪ್ಪತ್ತು ದಿನ ಬಾಡಿಗೆಯಿಲ್ಲ, ಕಂತಿಗೆ ರಜೆಯಿಲ್ಲ. ಕಾಯಂ ಬಾಡಿಗೆ ಕೊಡುತ್ತಿದ್ದ ಅಂಗಡಿಯವನು ಮೂರನೆಯ ದಿನಕ್ಕೇ ಬೇರೆಯವನನ್ನು ಹಿಡಿದಿರುತ್ತಾನೆ. ಅಂಕಿಗಳು ನಾನು ಉದಾಹರಣೆಗೆ ಇಟ್ಟುಕೊಂಡವು. ಆದರೆ ಎರಡು ಕಂತು ತಪ್ಪಿದ ಮೇಲೆ ಫೈನಾನ್ಸಿನವರು ಮನೆಮುಂದೆ ಬಂದು ನಿಲ್ಲುವುದು ಉದಾಹರಣೆಯಲ್ಲ.

ಹಾಗೆ ಸೀಜ್ ಆದ ಗಾಡಿಗಳು ಹರಾಜಿನ ಮೂಲಕ ಮತ್ತೆ ಇದೇ ಮಾರುಕಟ್ಟೆಗೆ ಬರುತ್ತವೆ, ಅಗ್ಗವಾಗಿಯೇ ಬರುತ್ತವೆ. ಕಂತು ಕಟ್ಟಲಾಗದೆ ಒದ್ದಾಡಿದವನು ಕೊನೆಯ ಆರು ತಿಂಗಳು ಆಯಿಲ್ ಬದಲಿಸಿದ್ದಾನೆಯೇ? ಅನುಮಾನ. ಒಬ್ಬನ ಸೋಲನ್ನು ಎಂಜಿನ್ನಿನೊಳಗೆ ಹೊತ್ತುಕೊಂಡು ಗಾಡಿ ಮತ್ತೊಬ್ಬನ ಅಂಗಳಕ್ಕೆ ಹೋಗುತ್ತದೆ.

ಇಷ್ಟು ಕಾಲ ಈ ಅಪಾಯವನ್ನು ಒಂದು ಮಟ್ಟಿಗೆ ತಡೆದಿದ್ದುದು ನಮ್ಮ ಬೀದಿಬದಿಯ ಗ್ಯಾರೇಜುಗಳ ಜಾಣ್ಮೆ. ಹಳೆಯ ಡೀಸೆಲ್ ಎಂಜಿನ್ನುಗಳ ಪಂಪು, ನಾಜಲ್‌ಗಳು ಯಾಂತ್ರಿಕವಾದವು, ಬಿಚ್ಚಿ ಸರಿಪಡಿಸಬಹುದಾದವು. ಬೆಂಗಳೂರಿಗಂತೂ ಈ ವಿದ್ಯೆ ತೀರ ಹತ್ತಿರದ್ದು. ಆಡುಗೋಡಿಯಲ್ಲಿ 1950ರ ದಶಕದಲ್ಲಿ ನೆಲೆಗೊಂಡ ಮೈಕೋ ಕಾರ್ಖಾನೆ ಡೀಸೆಲ್ ಇಂಧನ ಪಂಪುಗಳಿಗೇ ಹೆಸರಾಗಿತ್ತು. 2008ರಲ್ಲಿ ಕಂಪನಿ ಬಾಷ್ ಎಂದು ಹೆಸರು ಬದಲಿಸಿಕೊಂಡರೂ ಹಳಬರ ಬಾಯಲ್ಲಿ ಅದು ಇಂದಿಗೂ ‘ಮೈಕೋ ಪಂಪ್’. ತಾಲ್ಲೂಕು ಕೇಂದ್ರದಲ್ಲೂ ಪಂಪ್ ಕೆಲಸದವನೊಬ್ಬ ಇರುತ್ತಿದ್ದ, ಲೇತ್ ಇರುತ್ತಿತ್ತು. ರಿಪೇರಿ ಎಂದರೆ ಮುಖ್ಯವಾಗಿ ಕೂಲಿ; ಬಿಡಿಭಾಗದ ಬೆಲೆ ಅನಂತರದ್ದು.

ಕಾಮನ್ ರೈಲ್ ಬಂದಾಗ ಈ ಸಮೀಕರಣ ಬದಲಾಯಿತು. ಅದರಲ್ಲಿ ಡೀಸೆಲ್ ಸಾವಿರ ಬಾರ್‌ಗೂ ಮೀರಿದ ಒತ್ತಡದಲ್ಲಿರುತ್ತದೆ; ಅಂದರೆ ಅದೇ ಗಾಡಿಯ ಟೈರಿನೊಳಗಿನ ಒತ್ತಡದ ಇನ್ನೂರು ಮುನ್ನೂರು ಪಟ್ಟು. ಅಷ್ಟು ಸೂಕ್ಷ್ಮವಾದ ಇಂಜೆಕ್ಟರ್‌ಗೆ ಒಂದಿಷ್ಟು ನೀರು, ಒಂದಿಷ್ಟು ಕಲಬೆರಕೆ ಸಾಕು. ಪರೀಕ್ಷಿಸಲು ವಿಶೇಷ ಯಂತ್ರ ಬೇಕು. ಅನೇಕ ಎಂಜಿನ್ನುಗಳಲ್ಲಿ ಹೊಸ ಇಂಜೆಕ್ಟರ್‌ನ ಸಂಕೇತ ಸಂಖ್ಯೆಯನ್ನು ಕಂಪ್ಯೂಟರಿಗೆ ತಿಳಿಸಿದ ಮೇಲೆಯೇ ಅದು ಸರಿಯಾಗಿ ಕೆಲಸ ಮಾಡುವುದು.

ಅದರ ಮೇಲೆ ಭಾರತ್ ಸ್ಟೇಜ್-6 ಬಂತು. 2020ರ ಏಪ್ರಿಲ್ 1ರಿಂದ ದೇಶದೆಲ್ಲೆಡೆ ಮಾರಾಟವಾದ ಹೊಸ ಗಾಡಿಗಳಿಗೆಲ್ಲ ಅದು ಕಡ್ಡಾಯ. ಡೀಸೆಲ್‌ನಲ್ಲಿದ್ದ ಗಂಧಕ ಹತ್ತು ಲಕ್ಷಕ್ಕೆ 50 ಭಾಗದಿಂದ 10 ಭಾಗಕ್ಕೆ ಇಳಿಯಿತು; ಡೀಸೆಲ್ ಗಾಡಿಗಳ ಸೈಲೆನ್ಸರಿನ ದಾರಿಯಲ್ಲಿ ಸಾಮಾನ್ಯವಾಗಿ ಡಿಪಿಎಫ್ ಎಂಬ ಮಸಿ ಸೋಸುವ ಜಾಲರಿ ಬಂದು ಕೂತಿತು; ಕೆಲವು ಗಾಡಿಗಳಿಗೆ ಶೇ 32.5ರಷ್ಟು ಯೂರಿಯಾ ಇರುವ ದ್ರಾವಣವನ್ನು ಪ್ರತ್ಯೇಕ ಟ್ಯಾಂಕಿನಲ್ಲಿ ತುಂಬಿಸಬೇಕಾಯಿತು. ಮಸಿ ತುಂಬಿದಾಗ ಕಂಪ್ಯೂಟರ್ ಹೆಚ್ಚು ಡೀಸೆಲ್ ಬಿಟ್ಟು, ಹೊಗೆಯ ಉಷ್ಣತೆಯನ್ನು 600 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೇರಿಸಿ ಅದನ್ನು ಸುಡುತ್ತದೆ. ಅದಕ್ಕೆ ಗಾಡಿ ಸ್ವಲ್ಪ ಹೊತ್ತು ಒಂದೇ ಸಮನೆ ಓಡಬೇಕು. ಬೀದಿಬೀದಿಯಲ್ಲಿ ನಿಂತು ನಿಂತು ಸಾಮಾನು ಇಳಿಸುವ ಗಾಡಿಗೆ ಆ ಭಾಗ್ಯವೆಲ್ಲಿ? ಸುಡುವ ಕೆಲಸ ಅರ್ಧಕ್ಕೇ ನಿಂತರೆ ಜಾಲರಿ ಕಟ್ಟಿಕೊಳ್ಳುತ್ತದೆ. ಉರಿಯದೆ ಉಳಿದ ಡೀಸೆಲ್ ಆಯಿಲಿಗೆ ಇಳಿದು ಅದನ್ನು ತೆಳ್ಳಗಾಗಿಸುವುದೂ ಉಂಟು. ಮೊದಲು ಒಂದು ದೀಪ ಹತ್ತುತ್ತದೆ, ಅನಂತರ ಗಾಡಿ ಎಳೆಯುವುದನ್ನೇ ಬಿಡುತ್ತದೆ.

2020 ಮತ್ತು 2021ರಲ್ಲಿ ಹೊಸದಾಗಿ ಕೊಂಡವರ ಸಾಲದ ಕಂತುಗಳು ಮುಗಿದು ಆ ಗಾಡಿಗಳು ಈಗ ಎರಡನೆಯ ಮಾಲೀಕರ ಕೈಸೇರುತ್ತಿವೆ. ಮೇಸ್ತ್ರಿಯ ಕಿವಿಗೂ ಆಯಿಲ್ ಮುಚ್ಚಳದ ಪರೀಕ್ಷೆಗೂ ಈ ದೋಷಗಳು ಪೂರ್ತಿ ಸಿಕ್ಕವು. ಅವು ಬರೆದಿಟ್ಟಿರುವುದು ಕಂಪ್ಯೂಟರಿನಲ್ಲಿ. ಮಾರುವವನು ದಲ್ಲಾಳಿಯ ಅಂಗಳಕ್ಕೆ ಬರುವ ಮುನ್ನ ಸ್ಕ್ಯಾನರ್ ಹಾಕಿಸಿ ಆ ದೋಷಗಳನ್ನು ಅಳಿಸಿಹಾಕಿದರೆ, ಕೆಲವು ದಿನಗಳ ಮಟ್ಟಿಗೆ ಡ್ಯಾಶ್‌ಬೋರ್ಡ್ ಮುತ್ತೈದೆಯ ಹಣೆಯಂತೆ ಕಳಕಳಿಸುತ್ತದೆ.

ಹಾಗೆಂದು ಹಳೆಯ ಎಂಜಿನ್ನೇ ಚೆನ್ನಾಗಿತ್ತು ಎಂದು ಹಲುಬುವವರ ಸಾಲಿಗೆ ನಾನು ಸೇರಲಾರೆ. ಆ ಸರಳ ಎಂಜಿನ್ ಉಗುಳಿದ ಮಸಿಯನ್ನು ನುಂಗಿದ್ದು ಅದೇ ರಸ್ತೆಯ ಸಂಚಾರ ಪೊಲೀಸರು, ಬೀದಿ ವ್ಯಾಪಾರಿಗಳು, ಶಾಲೆಗೆ ನಡೆದುಹೋಗುವ ಮಕ್ಕಳು, ಚಾಲಕ ಸ್ವತಃ. ಡಿಪಿಎಫ್ ಕಿತ್ತುಹಾಕಿ ಖಾಲಿ ಕೊಳವೆ ಬೆಸೆದುಕೊಡುವ ‘ಪರಿಹಾರ’ ಅಗ್ಗವೆನಿಸಬಹುದು. ಅದರ ಬೆಲೆಯನ್ನು ಉಸಿರಾಡುವವರೆಲ್ಲ ತೆರುತ್ತಾರೆ. ಆದರೆ ಒಂದನ್ನು ಒಪ್ಪಿಕೊಳ್ಳಬೇಕು. ಶುದ್ಧ ಗಾಳಿಯ ಲಾಭ ಇಡೀ ನಗರಕ್ಕೆ ಸಿಕ್ಕರೆ, ಅದನ್ನು ಸುಸ್ಥಿತಿಯಲ್ಲಿಡುವ ಖರ್ಚು ಬಹುಮಟ್ಟಿಗೆ ಬಂದು ಬೀಳುವುದು ಎರಡನೆಯ, ಮೂರನೆಯ ಮಾಲೀಕನ ತಲೆಯ ಮೇಲೆ. ಮೊದಲ ಮಾಲೀಕನಿಗೆ ವಾರಂಟಿಯಾದರೂ ಇತ್ತು. ಎರಡನೆಯವನಿಗೆ ಕನಿಷ್ಠ ಪಕ್ಷ ಆ ಖರ್ಚು ಎಷ್ಟು ದೂರದಲ್ಲಿದೆ ಎಂಬುದನ್ನು ತಿಳಿಯುವ ಹಕ್ಕು ಬೇಡವೇ? ಸಿಎನ್‌ಜಿಗೆ ಹೋದರೆ ಈ ಜಾಲರಿಯ ಕಾಟವಿಲ್ಲ, ನಿಜ. ಅಲ್ಲಿ ಮೂರು ವರ್ಷಕ್ಕೊಮ್ಮೆ ಸಿಲಿಂಡರಿನ ಪರೀಕ್ಷೆಯಾಗಬೇಕು. ವಿದ್ಯುತ್ ಗಾಡಿಗೆ ಹೋದರೆ ಎಂಜಿನ್ನಿನ ಬದಲು ಬ್ಯಾಟರಿಯ ಆಯುಸ್ಸು ಅದೇ ಬಗೆಯ ಕತ್ತಲೆಯಲ್ಲಿರುತ್ತದೆ.

ಕಾನೂನು ಚಾಲಕನ ಪರವಾಗಿ ಇಲ್ಲವೇ ಇಲ್ಲ ಎನ್ನಲಾಗದು. ಗ್ರಾಹಕ ಸಂರಕ್ಷಣಾ ಕಾಯ್ದೆ ವಾಣಿಜ್ಯ ಉದ್ದೇಶದ ಖರೀದಿಯನ್ನು ಹೊರಗಿಟ್ಟರೂ, ಸ್ವಯಂ ಉದ್ಯೋಗದ ಮೂಲಕ ಜೀವನೋಪಾಯಕ್ಕಾಗಿ ಕೊಂಡ ವಸ್ತುವಿಗೆ ವಿನಾಯಿತಿ ನೀಡಿದೆ. 1995ರಲ್ಲೇ ಸುಪ್ರೀಂ ಕೋರ್ಟ್ ಲಕ್ಷ್ಮೀ ಎಂಜಿನಿಯರಿಂಗ್ ವರ್ಕ್ಸ್ ಪ್ರಕರಣದಲ್ಲಿ, ಬಾಡಿಗೆಗೆ ತಾನೇ ಓಡಿಸಲು ಲಾರಿ ಕೊಂಡವನೂ ಗ್ರಾಹಕನೇ ಎಂದು ವಿವರಿಸಿತ್ತು. ತೊಡಕಿರುವುದು ಪುರಾವೆಯಲ್ಲಿ. ಕೊಳ್ಳುವ ದಿನ ಎಂಜಿನ್ ಹೇಗಿತ್ತೆಂಬುದಕ್ಕೆ ಕಾಗದವೇ ಇಲ್ಲದಿರುವಾಗ ಗ್ರಾಹಕ ಆಯೋಗದ ಮುಂದೆ ಆತ ಏನನ್ನು ತೋರಿಸಿಯಾನು? ‘ಹೇಗಿದೆಯೋ ಹಾಗೆ ಕೊಂಡಿದ್ದೇನೆ’ ಎಂದು ಸಹಿ ಹಾಕಿಸಿಕೊಂಡ ಛಾಪಾ ಕಾಗದ ಮಾತ್ರ ಮಾರಿದವನ ಬಳಿ ಭದ್ರವಾಗಿರುತ್ತದೆ.

ರಿಪೇರಿಯ ಹಕ್ಕಿನ ಕಥೆಯೂ ಹೀಗೇ ಅರ್ಧಕ್ಕೆ ನಿಂತಿದೆ. ಬಿಡಿಭಾಗಗಳನ್ನೂ ದೋಷ ಪತ್ತೆಹಚ್ಚುವ ಸಾಧನಗಳನ್ನೂ ಸ್ವತಂತ್ರ ಗ್ಯಾರೇಜುಗಳಿಗೆ ಸಿಗದಂತೆ ಮಾಡಿದ್ದಕ್ಕಾಗಿ ಭಾರತೀಯ ಸ್ಪರ್ಧಾ ಆಯೋಗ 2014ರ ಆಗಸ್ಟ್‌ನಲ್ಲಿ 14 ಕಾರು ಕಂಪನಿಗಳಿಗೆ ಒಟ್ಟು ಸುಮಾರು 2,544 ಕೋಟಿ ರೂಪಾಯಿ ದಂಡ ವಿಧಿಸಿತು. ದಂಡದ ಮೊತ್ತ ಮೇಲ್ಮನವಿಗಳಲ್ಲಿ ಸಿಲುಕಿತು. 2022ರಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ ರಿಪೇರಿ ಹಕ್ಕಿನ ಸಮಿತಿ ರಚಿಸಿ, ವಾಹನಗಳನ್ನೂ ಅದರ ವ್ಯಾಪ್ತಿಗೆ ತಂದು, ಡಿಸೆಂಬರ್‌ನಲ್ಲಿ ಜಾಲತಾಣವೊಂದನ್ನೂ ತೆರೆಯಿತು. ಒಳ್ಳೆಯದೇ. ಆದರೆ ಚಿಂತಾಮಣಿಯ ಗ್ಯಾರೇಜಿನವನಿಗೆ ಬೇಕಾದುದು ಜಾಲತಾಣವಲ್ಲ; ಕೈಗೆಟಕುವ ಬೆಲೆಯ ಸ್ಕ್ಯಾನರ್, ಅದರಲ್ಲಿ ಎಲ್ಲ ಕಂಪನಿಗಳ ಗಾಡಿಗಳನ್ನೂ ಓದುವ ಅನುಮತಿ, ಐಟಿಐಯಲ್ಲಿ ಎರಡು ವಾರದ ತರಬೇತಿ.

ನನ್ನ ಬೇಡಿಕೆ ದೊಡ್ಡದಲ್ಲ. ಎಂಜಿನ್ನಿನ ಜಾತಕ ಬರೆಯಲು ಹೊಸ ಇಲಾಖೆ ಬೇಡ. ಸರಕು ವಾಹನಕ್ಕೆ ನೋಂದಣಿಯಾದ ಎಂಟು ವರ್ಷಗಳವರೆಗೆ ಎರಡು ವರ್ಷಕ್ಕೊಮ್ಮೆ, ಅನಂತರ ಪ್ರತಿವರ್ಷ ಎಫ್‌ಸಿ ಆಗಲೇಬೇಕು. ಬ್ರೇಕು, ದೀಪ, ಹಾರನ್ ನೋಡುವ ಅಧಿಕಾರಿಯೋ ಸ್ವಯಂಚಾಲಿತ ಕೇಂದ್ರವೋ ಓಡೊಮೀಟರಿನ ಅಂಕಿಯನ್ನೂ ದಾಖಲಿಸಿ ಸಾರ್ವಜನಿಕ ಪುಟದಲ್ಲಿ ತೋರಿಸಿದರೆ, ಎಂಟು ವರ್ಷದ ಗಾಡಿಗೆ ನಾಲ್ಕು ಅಂಕಿ ಸಿಕ್ಕಂತಾಯಿತು. ಐದನೆಯ ಅಂಕಿ ನಾಲ್ಕನೆಯದಕ್ಕಿಂತ ಕಡಿಮೆಯಿದ್ದರೆ ಮೀಟರ್ ತಿರುಚಿದ್ದು ಶಾಲೆಯ ಹುಡುಗನಿಗೂ ತಿಳಿಯುತ್ತದೆ. ಎಮಿಷನ್ ಟೆಸ್ಟಿನಲ್ಲಿ ಡೀಸೆಲ್ ಗಾಡಿಯ ಹೊಗೆಯ ಸಾಂದ್ರತೆಯನ್ನು ಅಳೆಯುತ್ತಾರೆ. ಪ್ರಮಾಣಪತ್ರದಲ್ಲಿ ಆ ಅಂಕಿ ಇರುತ್ತದೆ. ಐದು ವರ್ಷದ ಅಂಕಿಗಳನ್ನು ಸಾಲಾಗಿ ಇಟ್ಟರೆ ಎಂಜಿನ್ ಹೇಗೆ ಮುದಿಯಾಗುತ್ತಿದೆ ಎಂಬುದರ ಸುಳಿವು ಪುಕ್ಕಟೆಯಾಗಿ ಸಿಗುತ್ತದೆ. ಗಾಡಿಯನ್ನೇ ನೋಡದೆ ಪ್ರಮಾಣಪತ್ರ ಕೊಡುವ ಕೇಂದ್ರಗಳ ಬಗ್ಗೆ ದೂರುಗಳಿವೆ, ಗೊತ್ತು. ಅಂಕಿಗಳು ಎಲ್ಲರ ಕಣ್ಣಿಗೆ ಬಿದ್ದಾಗ ವರ್ಷವರ್ಷವೂ ಒಂದೇ ಸಂಖ್ಯೆ ಬರೆದ ಕೇಂದ್ರವೂ ಕಣ್ಣಿಗೆ ಬೀಳುತ್ತದೆ.

ಬ್ರಿಟನ್ನಿನಲ್ಲಿ ಇದು ನಡೆಯುತ್ತಿದೆ. ಅಲ್ಲಿ ಮೂರು ವರ್ಷ ದಾಟಿದ ಕಾರು ಮತ್ತು ಸಣ್ಣ ವ್ಯಾನುಗಳಿಗೆ ಪ್ರತಿವರ್ಷ ‘ಎಂಒಟಿ’ ಪರೀಕ್ಷೆ. ನೋಂದಣಿ ಸಂಖ್ಯೆ ಗೊತ್ತಿರುವ ಯಾರು ಬೇಕಾದರೂ ಸರ್ಕಾರದ ಜಾಲತಾಣದಲ್ಲಿ, ಶುಲ್ಕವಿಲ್ಲದೆ, ಆ ಗಾಡಿ ಯಾವ ವರ್ಷ ಉತ್ತೀರ್ಣವಾಯಿತು, ಯಾವ ವರ್ಷ ಅನುತ್ತೀರ್ಣವಾಯಿತು, ಏಕೆ, ಆಗ ಎಷ್ಟು ಮೈಲಿ ಓಡಿತ್ತು ಎಂಬುದನ್ನೆಲ್ಲ ನೋಡಬಹುದು. ಮಾಲೀಕನ ಹೆಸರು ಕಾಣುವುದಿಲ್ಲ, ಖಾಸಗಿತನಕ್ಕೂ ಧಕ್ಕೆಯಿಲ್ಲ. ನಮ್ಮಲ್ಲಿ ‘ವಾಹನ್’ ಈಗಾಗಲೇ ಇರುವುದರಿಂದ ಸೇರಿಸಬೇಕಾದುದು ಎರಡು ಸಾಲು ಮಾತ್ರ.

ಮಾರಾಟಗಾರರ ವಿಷಯದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಬಹುದು. ಹಳೆ ವಾಹನಗಳ ವ್ಯಾಪಾರವನ್ನು ಸರ್ಕಾರ ಕಾಣದೇ ಇಲ್ಲ. ನೋಂದಾಯಿತ ವ್ಯಾಪಾರಿಯ ಲಾಭಾಂಶದ ಮೇಲೆ 2025ರ ಜನವರಿಯಿಂದ ಶೇ 18ರ ಜಿಎಸ್‌ಟಿ ಇದೆ. ಅದೇ ವರ್ಷದ ಸೆಪ್ಟೆಂಬರ್ 22ರಿಂದ ಹೊಸ ಸರಕು ವಾಹನಗಳ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿದ ಮೇಲೆ ಹೊಸದಕ್ಕೂ ಹಳತಕ್ಕೂ ನಡುವಿನ ಅಂತರ ಕಿರಿದಾಗಿದೆ. ಹಳತನ್ನು ಆರಿಸಿಕೊಳ್ಳುವವನು ಈಗ ಇನ್ನಷ್ಟು ಎಚ್ಚರದಿಂದ ಲೆಕ್ಕ ಹಾಕಬೇಕಾಗಿದೆ. ಗಾಡಿಯೊಡನೆ ದೋಷಗಳ ಸ್ಕ್ಯಾನ್ ವರದಿ, ಕಂಪ್ರೆಷನ್ ಪರೀಕ್ಷೆಯ ಅಂಕಿ, ಸಿಕ್ಕಷ್ಟು ಸರ್ವಿಸ್ ದಾಖಲೆ ಕೊಡಬೇಕು ಎಂದು ನೋಂದಾಯಿತ ವ್ಯಾಪಾರಿಗೂ ಸೀಜ್ ಮಾಡಿದ ಗಾಡಿ ಹರಾಜಿಗಿಡುವ ಫೈನಾನ್ಸ್ ಕಂಪನಿಗೂ ವಿಧಿಸುವುದು ಅತಿಯಾಗದು. ಇದರಿಂದ ಬೆಲೆ ಏರೀತು ಎಂದು ದಲ್ಲಾಳಿಗಳು ಹೇಳುತ್ತಾರೆ. ಒಳ್ಳೆಯ ಗಾಡಿಯ ಬೆಲೆ ಏರುವುದು ಖಂಡಿತ. ಅದನ್ನು ಜೋಪಾನ ಮಾಡಿದವನಿಗೆ ಸಲ್ಲಬೇಕಾದುದೇ ಅದು. ಕೆಟ್ಟ ಗಾಡಿ ತನ್ನ ಯೋಗ್ಯತೆಯ ಬೆಲೆಗೆ ಇಳಿಯುತ್ತದೆ, ರಿಪೇರಿಗೆ ಹಣ ಎತ್ತಿಟ್ಟುಕೊಂಡೇ ಅದನ್ನು ಕೊಳ್ಳುವವನೂ ಸಿಗುತ್ತಾನೆ.

ಕೇಂದ್ರ ಸಾರಿಗೆ ಸಚಿವಾಲಯ 2022ರ ಡಿಸೆಂಬರ್‌ನಲ್ಲಿ ಮೋಟಾರು ವಾಹನ ನಿಯಮಗಳನ್ನು ತಿದ್ದಿ, 2023ರ ಏಪ್ರಿಲ್ 1ರಿಂದ ಹಳೆ ವಾಹನ ವ್ಯಾಪಾರಿಗಳಿಗೆ ಅಧಿಕೃತ ನೋಂದಣಿ ವ್ಯವಸ್ಥೆ ತಂದಿದೆ. ಆ ನಿಯಮದ ಪ್ರಕಾರ ವ್ಯಾಪಾರಿ ತನ್ನ ಬಳಿ ಇರುವ ಗಾಡಿಯನ್ನು ಅಂಗಳದಿಂದ ಹೊರಗೆ ತೆಗೆದಾಗಲೆಲ್ಲ ಯಾವ ಉದ್ದೇಶಕ್ಕೆ, ಯಾರು ಓಡಿಸಿದರು, ಯಾವ ಹೊತ್ತಿನಲ್ಲಿ, ಎಷ್ಟು ದೂರ ಎಂಬುದನ್ನು ಎಲೆಕ್ಟ್ರಾನಿಕ್ ದಾಖಲೆಯಲ್ಲಿ ಬರೆದಿಡಬೇಕು. ಗ್ರಾಹಕನಿಗೆ ತೋರಿಸಲು ಓಡಿಸಿದ ಎರಡು ಕಿಲೋಮೀಟರಿಗೆ ಲೆಕ್ಕವಿದೆ. ಅದಕ್ಕೂ ಮೊದಲು ಆ ಎಂಜಿನ್ ಓಡಿದ ಒಂದೂವರೆ ಲಕ್ಷ ಕಿಲೋಮೀಟರಿನ ಲೆಕ್ಕವನ್ನೂ ಅದೇ ದಾಖಲೆಯ ಮೊದಲ ಸಾಲಿನಲ್ಲಿ ಬರೆಸಲು ಒಂದು ಅಧಿಸೂಚನೆ ಸಾಕು.